ಹಳೇ ಗಾಡಿ ಮಿಸ್ ಹೊಡೀತಿದೆಯಾ? 1888ರಲ್ಲಿ ಬರ್ತಾ ಬೆಂಜ್ ಮಾಡಿದ್ದನ್ನು ತಿಳಿಯಿರಿ

ವಾಟ್ಸಾಪ್‌ನಲ್ಲಿ ಆಗಾಗ ಬರುವ ಕತೆ ಇದು: ಮಹಿಳೆಯೊಬ್ಬರು ಗಂಡನಿಗೆ ಹೇಳದೆ ಕಾರು ತೆಗೆದುಕೊಂಡು ಹೊರಟರು, ದಾರಿಯಲ್ಲಿ ಕೆಟ್ಟ ಎಂಜಿನ್ನನ್ನು ಟೋಪಿಯ ಪಿನ್ನಿನಿಂದ ಸರಿಮಾಡಿದರು. ಕತೆ ಬಹುಪಾಲು ನಿಜ. ಆದರೆ ಅದರಲ್ಲಿ ಬಿಟ್ಟುಹೋಗುವ ಭಾಗವೇ ಹಳೆಯ ಬೈಕು, ಕಾರು ಇಟ್ಟುಕೊಂಡವರಿಗೆ ಹೆಚ್ಚು ಉಪಯೋಗದ್ದು.

ಆ ಮಹಿಳೆ ಬರ್ತಾ ಬೆಂಜ್. ಹುಟ್ಟಿದ್ದು 1849ರ ಮೇ 3ರಂದು, ಜರ್ಮನಿಯ ಫೋರ್ಟ್ಸ್‌ಹೈಮ್ ಎಂಬ ಊರಿನಲ್ಲಿ. ತಂದೆ ಕಟ್ಟಡ ಕೆಲಸದಲ್ಲಿ ಹಣ ಮಾಡಿದ ಬಡಗಿ. ಬರ್ತಾ ಮೆಚ್ಚಿದ್ದು ಕೈಯಲ್ಲಿ ಕಾಸಿಲ್ಲದ ಎಂಜಿನಿಯರ್ ಕಾರ್ಲ್ ಬೆಂಜ್ ಅವರನ್ನು. ಕಾರ್ಲ್ ಮ್ಯಾನ್‌ಹೈಮ್ ನಗರದಲ್ಲಿ ಪಾಲುದಾರನ ಜೊತೆ ತೆರೆದಿದ್ದ ವರ್ಕ್‌ಶಾಪ್ ಮುಳುಗುವ ಹಂತಕ್ಕೆ ಬಂದಾಗ, ಬರ್ತಾ ಮದುವೆಗೆ ಮೊದಲೇ ತಮ್ಮ ವರದಕ್ಷಿಣೆಯ ಹಣ ಕೊಟ್ಟು ಪಾಲುದಾರನ ಪಾಲನ್ನು ಬಿಡಿಸಿಕೊಟ್ಟರು. 1872ರಲ್ಲಿ ಮದುವೆಯಾಯಿತು. ಮುಂದಿನ ವರ್ಷಗಳಲ್ಲಿ ಸಾಲವೇ ಹೆಚ್ಚು. 1879ರ ಕೊನೆಯ ರಾತ್ರಿ ಕಾರ್ಲ್ ಅವರ ಎಂಜಿನ್ ಮೊದಲ ಸಲ ಸರಿಯಾಗಿ ಓಡಿದಾಗ ಪಕ್ಕದಲ್ಲಿದ್ದವರು ಬರ್ತಾ.

1886ರ ಜನವರಿ 29ರಂದು ಕಾರ್ಲ್ ತಮ್ಮ ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟ್ ಅರ್ಜಿ ಹಾಕಿದರು. ಒಂದೇ ಸಿಲಿಂಡರ್, 954 ಸಿಸಿ, ಒಂದು ಅಶ್ವಶಕ್ತಿಗೂ ಕಡಿಮೆ ಬಲ. ಜನ ನೋಡಿದರು, ಆದರೆ ಕೊಳ್ಳಲಿಲ್ಲ. ದೂರ ಹೋಗಬಲ್ಲದು ಎಂಬ ನಂಬಿಕೆ ಯಾರಿಗೂ ಇರಲಿಲ್ಲ. ಮನೆಯ ಹಣವೆಲ್ಲ ಅದರಲ್ಲೇ ಇತ್ತು.

106 ಕಿಲೋಮೀಟರಿನ ಪರೀಕ್ಷೆ

1888ರ ಆಗಸ್ಟಿನ ಒಂದು ಬೆಳಗ್ಗೆ ಬರ್ತಾ, 15 ವರ್ಷದ ಒಯ್ಗನ್ ಮತ್ತು 13 ವರ್ಷದ ರಿಚರ್ಡ್ ಎಂಬ ಮಕ್ಕಳನ್ನು ಕರೆದುಕೊಂಡು ಮ್ಯಾನ್‌ಹೈಮ್‌ನಿಂದ ತವರೂರಿಗೆ ಹೊರಟರು. ದೂರ ಸುಮಾರು 106 ಕಿ.ಮೀ. ಇಂಧನ ಮುಗಿಯುತ್ತಾ ಬಂದಾಗ ವೀಸ್‌ಲೋಹ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ ಲಿಗ್ರೋಯಿನ್ ಕೊಂಡರು. ಅದು ಬಟ್ಟೆಯ ಕಲೆ ತೆಗೆಯಲು ಬಳಸುತ್ತಿದ್ದ, ಪೆಟ್ರೋಲ್ ಜಾತಿಯ ದ್ರವ. ಜಗತ್ತಿನ ಮೊದಲ ಪೆಟ್ರೋಲ್ ಬಂಕ್ ಎಂದು ಫಾರ್ವರ್ಡ್‌ಗಳಲ್ಲಿ ಹೇಳುವುದು ಇದನ್ನೇ. ಅಲ್ಲಿ ಪಂಪ್ ಇರಲಿಲ್ಲ, ಔಷಧಿ ಅಂಗಡಿಯ ಮಾಲು ಅಷ್ಟೇ.

ದಾರಿಯಲ್ಲಿ ಎಂಜಿನ್ ಎರಡು ಬೇರೆ ಬೇರೆ ಕಾರಣಕ್ಕೆ ಕೈಕೊಟ್ಟಿತು. ಒಮ್ಮೆ ಇಂಧನದ ಪೈಪಿನಲ್ಲಿ ಕಸ ಕಟ್ಟಿತ್ತು. ಬರ್ತಾ ಟೋಪಿಯ ಉದ್ದನೆಯ ಪಿನ್ನಿನಿಂದ ಅದನ್ನು ತೆಗೆದರು. ಇನ್ನೊಮ್ಮೆ ಕಿಡಿ ಹೊತ್ತಿಸುವ ವೈರಿನ ಹೊದಿಕೆ ಸವೆದಿತ್ತು. ಕಾಲುಚೀಲ ಜಾರದಂತೆ ಕಟ್ಟುವ ಪಟ್ಟಿಯನ್ನೇ ಅದಕ್ಕೆ ಸುತ್ತಿದರು.

ಇಲ್ಲೇ ಪಾಠ ಇರುವುದು. ಎಂಜಿನ್ ಕೆಮ್ಮುವ ಸದ್ದು ಎರಡರಲ್ಲೂ ಹೆಚ್ಚು ಕಡಿಮೆ ಒಂದೇ. ಆದರೆ ವೈರ್ ಸೋರುತ್ತಿದ್ದಾಗ ಪೈಪಿಗೆ ಪಿನ್ ಹಾಕಿದ್ದರೆ ಪ್ರಯೋಜನವಿರಲಿಲ್ಲ. ಇಂಧನ, ಗಾಳಿ, ಕಿಡಿ, ಒತ್ತಡ: ಈ ನಾಲ್ಕರಲ್ಲಿ ಯಾವುದು ತಪ್ಪಿದೆ ಎಂದು ಮೊದಲು ಗೊತ್ತಾಗಬೇಕು, ರಿಪೇರಿ ಆಮೇಲೆ.

ನಿಮ್ಮ ಗಾಡಿಯಲ್ಲಿ ಗುರುತಿಸುವುದು ಹೇಗೆ?

ಕಾರ್ಬ್ಯುರೇಟರ್ ಇರುವ ಹಳೆಯ ಗಾಡಿ ಏರಿನಲ್ಲಿ ಬಲ ಕಳೆದುಕೊಂಡು, ಮತ್ತೆ ಎಳೆದು, ಮತ್ತೆ ಕುಗ್ಗುತ್ತಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ ಎಂಬ ಅನುಮಾನ ಬರಬೇಕು. ನಿಂತಲ್ಲೇ ಎಂಜಿನ್ ವೇಗ ತಾನಾಗಿ ಏರಿಳಿದರೆ, ಸಣ್ಣ ಜೆಟ್ ಕಟ್ಟಿರಬಹುದು ಅಥವಾ ಕಾರ್ಬ್ಯುರೇಟರನ್ನು ಎಂಜಿನ್ನಿಗೆ ಜೋಡಿಸುವ ರಬ್ಬರ್ ಬಿರುಕು ಬಿಟ್ಟು ಗಾಳಿ ನುಗ್ಗುತ್ತಿರಬಹುದು. ಚೋಕ್ ಸ್ವಲ್ಪ ಎಳೆದಾಗ ಓಟ ಸುಧಾರಿಸಿದರೆ ಈ ಅನುಮಾನ ಇನ್ನಷ್ಟು ಗಟ್ಟಿ.

ತಟ್ಟನೆ ಕಡಿದು ಕಡಿದು ಓಡುವುದು, ಮಳೆಯಲ್ಲಿ ಹೆಚ್ಚು ತೊಂದರೆ ಕೊಡುವುದು ಸಾಮಾನ್ಯವಾಗಿ ಕಿಡಿಯ ದೋಷ. ಎಂಜಿನ್ ತಣ್ಣಗಾದ ಮೇಲೆ ಪ್ಲಗ್ ಬಿಚ್ಚಿ ನೋಡಿ. ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಕಿಡಿ ಬರುತ್ತಿಲ್ಲದಿರಬಹುದು. ಬೆಳ್ಳಗಿದ್ದರೆ ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾಗಿದೆ. ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚಾಗಿದೆ, ಏರ್ ಫಿಲ್ಟರ್ ಕಟ್ಟಿರಲೂಬಹುದು. ತಿಳಿ ಕಂದು ಬಣ್ಣ ಸರಿಯಾದದ್ದು. ಇಂಧನ, ಗಾಳಿ, ಕಿಡಿ ಮೂರೂ ಸರಿಯಿದ್ದರೆ ಮೆಕ್ಯಾನಿಕ್ ಹತ್ತಿರ ಕಂಪ್ರೆಷನ್ ಪರೀಕ್ಷೆ ಮಾಡಿಸಿ.

ಬರ್ತಾ ಅವರಂತೆ ಪಿನ್ ಮಾತ್ರ ಹಾಕಬೇಡಿ. ಅವರು ಚುಚ್ಚಿದ್ದು ಪೈಪಿಗೆ. ಇಂದಿನ ಕಾರ್ಬ್ಯುರೇಟರಿನ ಹಿತ್ತಾಳೆ ಜೆಟ್‌ಗೆ ಅಳತೆ ಮಾಡಿ ಕೊರೆದ ರಂಧ್ರವಿರುತ್ತದೆ. ಸೂಜಿ ಹಾಕಿದರೆ ಅದು ದೊಡ್ಡದಾಗುತ್ತದೆ. ಕ್ಲೀನರ್ ಸ್ಪ್ರೇ ಮತ್ತು ಗಾಳಿಯ ಒತ್ತಡ ಸಾಕು. ಎಂಜಿನ್ ಓಡುವಾಗ ಪ್ಲಗ್ ವೈರ್ ಮುಟ್ಟಬೇಡಿ, ಪೆಟ್ರೋಲ್ ಚೆಲ್ಲಿದ ಕಡೆ ಕಿಡಿ ಪರೀಕ್ಷೆ ಬೇಡ. ಟ್ಯಾಂಕಿಗೆ ನುಸಿಗುಳಿಗೆ ಹಾಕುವ ಸಲಹೆಯನ್ನೂ ನಂಬಬೇಡಿ: ಪೆಟ್ರೋಲ್ ಆವಿಯಾದ ಮೇಲೆ ಅದು ಹರಳುಗಟ್ಟಿ ಜೆಟ್ಟನ್ನೇ ಕಟ್ಟಬಹುದು. ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಕಾರಿನಲ್ಲಿ ಚೆಕ್ ಎಂಜಿನ್ ದೀಪ ಮಿಣುಕುತ್ತಿದ್ದರೆ ಓಡಿಸುವುದನ್ನು ನಿಲ್ಲಿಸಿ. ಸುಡದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ಕನ್ವರ್ಟರನ್ನು ಕಾಯಿಸಿ ಹಾಳುಮಾಡುತ್ತದೆ. ಆಗ ಚಿಕ್ಕ ರಿಪೇರಿ ದೊಡ್ಡ ಖರ್ಚಾಗುತ್ತದೆ.

ಆಮೇಲೆ ಏನಾಯಿತು?

ಸಂಜೆಯ ಹೊತ್ತಿಗೆ ಬರ್ತಾ ಫೋರ್ಟ್ಸ್‌ಹೈಮ್ ತಲುಪಿ ಕಾರ್ಲ್‌ಗೆ ತಂತಿ ಕಳುಹಿಸಿದರು. ಕೆಲವು ದಿನಗಳ ನಂತರ ಅದೇ ಗಾಡಿಯಲ್ಲಿ ವಾಪಸಾದರು. ದಾರಿಯಲ್ಲಿ ಚಪ್ಪಲಿ ಹೊಲಿಯುವವರಿಂದ ಬ್ರೇಕಿನ ಮರದ ತುಂಡಿಗೆ ತೊಗಲು ಹೊಡೆಸಿದ್ದರು, ಏರಿನಲ್ಲಿ ಮಕ್ಕಳು ಗಾಡಿ ತಳ್ಳಿದ್ದರು. ಆ ಅನುಭವದಿಂದ ಏರು ಹತ್ತಲು ಇನ್ನೊಂದು ಗೇರ್ ಸೇರಿತು. ಅದೇ ವರ್ಷ ಮ್ಯೂನಿಕ್ ಪ್ರದರ್ಶನದಲ್ಲಿ ಗಾಡಿಗೆ ಚಿನ್ನದ ಪದಕ ಬಂತು.

ಕಾರು ಕಂಡುಹಿಡಿದದ್ದೇ ಬರ್ತಾ ಎಂದು ಹೇಳುವ ಸಂದೇಶಗಳೂ ಇವೆ. ಪೇಟೆಂಟ್ ಇರುವುದು ಕಾರ್ಲ್ ಹೆಸರಿನಲ್ಲಿ. ಆದರೆ ಹಣ ಹಾಕಿದ್ದು, ಮೊದಲ ದೂರಪ್ರಯಾಣ ಮಾಡಿ ಗಾಡಿಯ ಕುಂದುಗಳನ್ನು ಕಂಡುಕೊಂಡದ್ದು ಬರ್ತಾ. ಕಾರ್ಲ್ 1929ರಲ್ಲಿ ತೀರಿಕೊಂಡರು. 1944ರ ಮೇ 3ರಂದು, 95ನೇ ಹುಟ್ಟುಹಬ್ಬಕ್ಕೆ, ಕಾರ್ಲ್‌ಸ್ರೂಹೆಯ ತಾಂತ್ರಿಕ ವಿಶ್ವವಿದ್ಯಾಲಯ ಬರ್ತಾ ಅವರಿಗೆ ಗೌರವ ಸೆನೆಟರ್ ಪದವಿ ಕೊಟ್ಟಿತು. ಎರಡು ದಿನಗಳ ನಂತರ ಅವರು ನಿಧನರಾದರು. ಅವರು ಹೋದ ದಾರಿಗೆ 2008ರಿಂದ ಅವರದೇ ಹೆಸರಿದೆ.

ಮುಂದಿನ ಸಲ ಗಾಡಿ ಮಿಸ್ ಹೊಡೆದರೆ, ಒಂದೊಂದೇ ಪಾರ್ಟ್ ಬದಲಿಸುತ್ತಾ ಹೋಗುವ ಮೊದಲು ಕಾರಣ ಹುಡುಕಿ. ಈ ಕತೆಯನ್ನು ಫಾರ್ವರ್ಡ್ ಮಾಡುವಾಗ ಪಿನ್ನಿನ ಜೊತೆ ಪಟ್ಟಿಯನ್ನೂ ಸೇರಿಸಿ.