ಪ್ರಭುತ್ವದ ಮಿತಿಯ ಪ್ರಶ್ನೆ ಮತ್ತು ಬಿ.ಆರ್. ಶೆಣೈ

1967ರ ಮಹಾಚುನಾವಣೆಯಲ್ಲಿ ಹಾಸನ ಲೋಕಸಭಾ ಕ್ಷೇತ್ರದಿಂದ ಸ್ವತಂತ್ರ ಪಕ್ಷದ ಎನ್. ಶಿವಪ್ಪನವರು ಆಯ್ಕೆಯಾದರು. ಸ್ವಾತಂತ್ರ್ಯಾನಂತರ ಕಾಂಗ್ರೆಸ್ಸಿನ ಹಿಡಿತದಲ್ಲಿದ್ದ ಈ ಕ್ಷೇತ್ರ ಅದರ ಕೈತಪ್ಪಿತು. ಅದೇ ಚುನಾವಣೆಯಲ್ಲಿ ಸ್ವತಂತ್ರ ಪಕ್ಷವು 44 ಸ್ಥಾನಗಳನ್ನು ಪಡೆದು ಲೋಕಸಭೆಯ ಅತಿ ದೊಡ್ಡ ವಿರೋಧ ಪಕ್ಷವಾಯಿತು. ಒಂದು ಕ್ಷೇತ್ರದ ಫಲಿತಾಂಶವನ್ನು ಒಂದು ಸಿದ್ಧಾಂತದ ವಿಜಯವೆಂದು ವ್ಯಾಖ್ಯಾನಿಸುವುದು ಸರಿಯಾಗದು. ಸ್ಥಳೀಯ ಬಣಗಳು, ಜಾತಿಸಂಬಂಧಗಳು, ಅಭ್ಯರ್ಥಿಯ ವರ್ಚಸ್ಸು ಇವೆಲ್ಲವೂ ಮತದಾನವನ್ನು ರೂಪಿಸುತ್ತವೆ. ಆದರೂ ಸರ್ಕಾರದ ಅಧಿಕಾರಕ್ಕೆ ಮಿತಿಯಿರಬೇಕೆಂದು ಬಹಿರಂಗವಾಗಿ ಸಾರಿದ ಪಕ್ಷವೊಂದು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಂಥ ರೈತಾಪಿ ಸೀಮೆಯನ್ನೊಳಗೊಂಡ ಜಿಲ್ಲೆಯಲ್ಲಿ ನೆಲೆ ಕಂಡುಕೊಂಡದ್ದು ಗಮನಾರ್ಹವಾದ ಸಂಗತಿ. ಈ ವಿಚಾರವನ್ನು ಅರ್ಥಶಾಸ್ತ್ರದ ಭಾಷೆಯಲ್ಲಿ ದೇಶದ ಮುಂದೆ ಮೊದಲಿಗೆ ಸಮಗ್ರವಾಗಿ ಮಂಡಿಸಿದವರಲ್ಲಿ ಪ್ರಮುಖರು ಹಳೆಯ ದಕ್ಷಿಣ ಕನ್ನಡ ಜಿಲ್ಲೆಯವರೇ ಆದ ಬಿ.ಆರ್. ಶೆಣೈ.

ಬೆಳ್ಳಿಕೋತ್ ರಘುನಾಥ ಶೆಣೈ ಅವರು ಜನಿಸಿದ್ದು 1905ರಲ್ಲಿ. ಅವರ ಹೆಸರಿನಲ್ಲಿ ಉಳಿದುಕೊಂಡಿರುವ ಬೆಳ್ಳಿಕೋತ್ ಗ್ರಾಮವು ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದು, 1956ರ ಭಾಷಾವಾರು ಪ್ರಾಂತ ರಚನೆಯ ನಂತರ ಕೇರಳದ ಭಾಗವಾಯಿತು. ಈಗ ಕಾಸರಗೋಡು ಜಿಲ್ಲೆಯಲ್ಲಿದೆ. ಕನ್ನಡ, ತುಳು, ಕೊಂಕಣಿ, ಮಲಯಾಳಗಳು ಒಂದಕ್ಕೊಂದು ಹೆಣೆದುಕೊಂಡ ಸೀಮೆಯದು. ಉನ್ನತ ಶಿಕ್ಷಣಕ್ಕಾಗಿ ಶೆಣೈ ಅವರು ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿಂದ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದಾಗ ಹಣ, ಬಂಡವಾಳ ಮತ್ತು ಬೆಲೆಗಳ ಸಂಬಂಧವನ್ನು ಕುರಿತು ಫ್ರೀಡ್ರಿಕ್ ಹಯೆಕ್ ಅವರು ನೀಡಿದ ಉಪನ್ಯಾಸಗಳ ಪರಿಚಯ ಅವರಿಗಾಯಿತು. ಜನರ ನಿಜವಾದ ಉಳಿತಾಯವನ್ನು ಮೀರಿ ಹಣವನ್ನು ಸೃಷ್ಟಿಸಿದರೆ ಉತ್ಪಾದನೆಯ ರಚನೆಯೇ ದಾರಿ ತಪ್ಪುತ್ತದೆಂಬ ಆ ಚಿಂತನೆ ಅವರ ಮುಂದಿನ ಬರವಣಿಗೆಗೆ ತಳಹದಿಯಾಯಿತು. 1930ರ ದಶಕದ ಮೊದಲ ವರ್ಷಗಳಲ್ಲಿಯೇ ಅವರ ಲೇಖನಗಳು ಅಮೆರಿಕದ ಕ್ವಾರ್ಟರ್ಲಿ ಜರ್ನಲ್ ಆಫ್ ಎಕನಾಮಿಕ್ಸ್ ಪತ್ರಿಕೆಯಲ್ಲಿ ಪ್ರಕಟವಾದವು. ಕೆಲಕಾಲ ಸಿಂಹಳದಲ್ಲಿ ಅಧ್ಯಾಪಕರಾಗಿದ್ದ ಅವರು ಆ ದೇಶದ ನಾಣ್ಯ ಮತ್ತು ಬ್ಯಾಂಕಿಂಗ್ ವ್ಯವಸ್ಥೆಯನ್ನು ಕುರಿತ ಗ್ರಂಥವನ್ನೂ ರಚಿಸಿದರು. ಆಮೇಲೆ ಭಾರತೀಯ ರಿಸರ್ವ್ ಬ್ಯಾಂಕಿನಲ್ಲಿ ಸೇವೆ ಸಲ್ಲಿಸಿ, 1954ರಲ್ಲಿ ಅಹಮದಾಬಾದಿನ ಗುಜರಾತ್ ವಿಶ್ವವಿದ್ಯಾಲಯದ ಸಮಾಜವಿಜ್ಞಾನ ಕೇಂದ್ರದ ನಿರ್ದೇಶಕರಾದರು.

ಶೆಣೈ ಅವರ ಬದುಕಿನ ನಿರ್ಣಾಯಕ ಘಟ್ಟ 1955. ಎರಡನೆಯ ಪಂಚವಾರ್ಷಿಕ ಯೋಜನೆ ಸಿದ್ಧವಾಗುತ್ತಿದ್ದ ಕಾಲವದು. ಪ್ರೊ. ಮಹಾಲನೋಬಿಸ್ ಅವರು ರೂಪಿಸಿದ ಕರಡು ಭಾರೀ ಕೈಗಾರಿಕೆಗಳಿಗೆ ಪ್ರಾಶಸ್ತ್ಯ ನೀಡಿ, ಅವುಗಳ ಒಡೆತನವನ್ನು ಬಹುಮಟ್ಟಿಗೆ ಸರ್ಕಾರಕ್ಕೆ ವಹಿಸಿತ್ತು. ಕರಡನ್ನು ಪರಿಶೀಲಿಸಲು ನೇಮಕವಾದ ಅರ್ಥಶಾಸ್ತ್ರಜ್ಞರ ಮಂಡಲಿಯಲ್ಲಿ ಡಿ.ಆರ್. ಗಾಡ್ಗೀಳ್, ಸಿ.ಎನ್. ವಕೀಲ್, ವಿ.ಕೆ.ಆರ್.ವಿ. ರಾವ್ ಅವರಂಥ ಗಣ್ಯರಿದ್ದರು. ಮುಂದೆ ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾಗಿ, 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು ಕಟ್ಟಿದವರು ಈ ರಾವ್ ಅವರೇ. ಮಂಡಲಿಯು ಯೋಜನೆಯ ಚೌಕಟ್ಟನ್ನು ಸಮ್ಮತಿಸಿತು. ಶೆಣೈ ಅವರೊಬ್ಬರೇ ಭಿನ್ನಮತದ ಟಿಪ್ಪಣಿಯನ್ನು ಬರೆದು ಪ್ರತ್ಯೇಕವಾಗಿ ನಿಂತರು.

ಆ ಟಿಪ್ಪಣಿಯ ವಾದಸರಣಿ ಸರಳವಾದುದು. ಯೋಜನೆಯ ಗಾತ್ರವನ್ನು ನಿರ್ಧರಿಸಬೇಕಾದದ್ದು ದೇಶದ ಜನ ಉಳಿಸಬಲ್ಲ ಮೊತ್ತ. ಸರ್ಕಾರದ ಆಕಾಂಕ್ಷೆ ಎಷ್ಟೇ ಉದಾತ್ತವಾಗಿದ್ದರೂ ಇಲ್ಲದ ಸಂಪನ್ಮೂಲವನ್ನು ಅದು ಸೃಷ್ಟಿಸಲಾರದು. ಸಾರ್ವಜನಿಕ ವಲಯದಲ್ಲಿ 4,800 ಕೋಟಿ ರೂಪಾಯಿಗಳ ವೆಚ್ಚವನ್ನು ನಿಗದಿಪಡಿಸಿಕೊಂಡ ಆ ಯೋಜನೆಯು ಅದರಲ್ಲಿ 1,200 ಕೋಟಿಯನ್ನು ಕೊರತೆ ಹಣಕಾಸಿನಿಂದ, ಎಂದರೆ ಬಹುಪಾಲು ಹೊಸ ಹಣದ ಸೃಷ್ಟಿಯಿಂದ, ತುಂಬಿಕೊಳ್ಳಲಿತ್ತು. ಹೀಗೆ ಸೃಷ್ಟಿಯಾದ ಹಣ ಬೆಲೆಗಳನ್ನು ಏರಿಸುತ್ತದೆ. ಏರಿದ ಬೆಲೆಗಳನ್ನು ತಡೆಯಲು ನಿಯಂತ್ರಣಗಳು ಬರುತ್ತವೆ. ನಿಯಂತ್ರಣಗಳನ್ನು ಜಾರಿಗೊಳಿಸಲು ಅಧಿಕಾರಿವರ್ಗ ಬೆಳೆಯುತ್ತದೆ. ಕೊನೆಗೆ ಪ್ರಜೆಯ ದೈನಂದಿನ ವ್ಯವಹಾರಗಳೇ ಸರ್ಕಾರದ ಅನುಮತಿಯನ್ನು ಅವಲಂಬಿಸತೊಡಗುತ್ತವೆ. ಆದ್ದರಿಂದ ಹಣದುಬ್ಬರದ ಪ್ರಶ್ನೆ ಅವರ ದೃಷ್ಟಿಯಲ್ಲಿ ಪ್ರಜಾಪ್ರಭುತ್ವದ ಪ್ರಶ್ನೆಯೂ ಆಗಿತ್ತು. ಅದೇ ವರ್ಷ ಭಾರತಕ್ಕೆ ಬಂದಿದ್ದ ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಅವರು ಸರ್ಕಾರಕ್ಕೆ ಸಲ್ಲಿಸಿದ ಟಿಪ್ಪಣಿಯ ಧೋರಣೆಯೂ ಇದಕ್ಕೆ ಸಮೀಪವಾಗಿತ್ತು.

ಪ್ರಭುತ್ವದ ಮಿತಿಯನ್ನು ಪ್ರತಿಪಾದಿಸುವವರು ಸಿರಿವಂತರ ವಕೀಲರೆಂಬ ಭಾವನೆ ಆ ಕಾಲದಲ್ಲಿ ಪ್ರಬಲವಾಗಿತ್ತು. ಶೆಣೈ ಅವರ ಬರಹಗಳು ಈ ಭಾವನೆಯನ್ನು ಪ್ರಶ್ನಿಸುತ್ತವೆ. ಬೆಲೆಯೇರಿಕೆಯು ಶಾಸನಸಭೆಯ ಒಪ್ಪಿಗೆಯಿಲ್ಲದೆ ವಿಧಿಸಲ್ಪಡುವ ತೆರಿಗೆಯಂತಿದ್ದು, ಜಮೀನು, ಚಿನ್ನ, ಸರಕು ಯಾವುದೂ ಇಲ್ಲದ ಕೂಲಿಕಾರನ ಮೇಲೆ ಅದರ ಭಾರ ಅತ್ಯಧಿಕವಾಗಿ ಬೀಳುತ್ತದೆ. ರೂಪಾಯಿಯ ವಿದೇಶಿ ವಿನಿಮಯ ದರವನ್ನು ಕೃತಕವಾಗಿ ಎತ್ತರದಲ್ಲಿರಿಸಿ ಆಮದಿಗೆ ಪರವಾನಗಿ ನೀಡಿದಾಗ, ಪರವಾನಗಿ ಪಡೆದವನು ಅಗ್ಗವಾಗಿ ತರಿಸಿದ ವಸ್ತುವನ್ನು ದುಬಾರಿಯಾಗಿ ಮಾರಿ ಶ್ರಮವಿಲ್ಲದ ಲಾಭ ಗಳಿಸುತ್ತಾನೆ. ಅಂದರೆ ಸಮಾನತೆಯ ಹೆಸರಿನಲ್ಲಿ ಬಂದ ನಿಯಂತ್ರಣಗಳು ಬಡವರಿಂದ ಅಧಿಕಾರದ ಸಮೀಪವಿದ್ದವರ ಕಡೆಗೆ ಸಂಪತ್ತನ್ನು ಹರಿಸುತ್ತವೆ ಎಂಬುದು ಅವರ ವಿಶ್ಲೇಷಣೆಯ ತಿರುಳು. ಸರ್ಕಾರವೇ ಬೇಡವೆಂಬ ನಿಲುವು ಅವರದಾಗಿರಲಿಲ್ಲ. ಕಾನೂನು ಸುವ್ಯವಸ್ಥೆ, ಸ್ಥಿರವಾದ ನಾಣ್ಯ, ಜನ ತಾವಾಗಿ ಕಟ್ಟಿಕೊಳ್ಳಲಾರದ ಸಾರ್ವಜನಿಕ ಸೌಕರ್ಯಗಳು ಸರ್ಕಾರದ ಹೊಣೆ. ಉದ್ಯಮ ವ್ಯಾಪಾರಗಳಿಗೂ ಅದು ಕೈಯಿಕ್ಕಿದರೆ ಈ ಮೂಲ ಹೊಣೆಗಳೇ ಸೊರಗುತ್ತವೆಂಬುದು ಅವರ ಚಿಂತನೆಯ ದಿಕ್ಕು.

ಯೋಜನೆ ಆರಂಭವಾದ ಮರುವರ್ಷವೇ, 1957ರಲ್ಲಿ, ವಿದೇಶಿ ವಿನಿಮಯದ ತೀವ್ರ ಬಿಕ್ಕಟ್ಟು ತಲೆದೋರಿತು. ಯೋಜನೆಯ ಗಾತ್ರವನ್ನು ಕುಗ್ಗಿಸಬೇಕಾಯಿತು. ಆಹಾರಧಾನ್ಯಗಳಿಗಾಗಿ ಅಮೆರಿಕದ ಪಿ.ಎಲ್. 480 ಯೋಜನೆಯ ಗೋಧಿಯನ್ನು ಅವಲಂಬಿಸುವ ಸ್ಥಿತಿ ಬಂದಿತು. 1966ರ ಜೂನ್‌ನಲ್ಲಿ ಡಾಲರಿನ ಬೆಲೆ 4.76 ರೂಪಾಯಿಯಿಂದ 7.50 ರೂಪಾಯಿಗೆ ಏರುವಂತೆ ರೂಪಾಯಿಯ ಅಪಮೌಲ್ಯವಾಯಿತು. ಶೆಣೈ ಅವರ ಎಚ್ಚರಿಕೆಗಳು ಹೀಗೆ ಒಂದೊಂದಾಗಿ ಅನುಭವಕ್ಕೆ ಬಂದರೂ ನೀತಿ ನಿರೂಪಣೆಯಲ್ಲಿ ಅವರಿಗೆ ಸ್ಥಾನ ದೊರೆಯಲಿಲ್ಲ. ವಿದೇಶಗಳಲ್ಲಿ, ಮುಖ್ಯವಾಗಿ ಹಯೆಕ್ ಅವರು ಸ್ಥಾಪಿಸಿದ ಮಾಂಟ್ ಪೆಲೆರಿನ್ ಸೊಸೈಟಿಯ ವಲಯದಲ್ಲಿ, ಅವರಿಗೆ ಗೌರವವಿತ್ತು. ಸ್ವದೇಶದಲ್ಲಿ ಅವರು ಬಹುಮಟ್ಟಿಗೆ ಒಂಟಿಯಾಗಿದ್ದರು. ಗುಜರಾತ್ ವಿಶ್ವವಿದ್ಯಾಲಯದಿಂದ ನಿವೃತ್ತರಾದ ಮೇಲೆ ದೆಹಲಿಯಲ್ಲಿ ಆರ್ಥಿಕ ಸಂಶೋಧನಾ ಕೇಂದ್ರವನ್ನು ನಡೆಸುತ್ತ, ಆಹಾರ ಸಮಸ್ಯೆ ಮತ್ತು ಪಿ.ಎಲ್. 480 ನೆರವನ್ನು ಕುರಿತು ಗ್ರಂಥಗಳನ್ನು ಪ್ರಕಟಿಸಿದರು. 1978ರ ಫೆಬ್ರವರಿಯಲ್ಲಿ ನಿಧನರಾದರು.

ಅವರ ವಾದದ ಬಲವನ್ನೂ ಮಿತಿಯನ್ನೂ ಹಾಸನ ಜಿಲ್ಲೆಯ ಅನುಭವದ ಮೂಲಕವೇ ಪರೀಕ್ಷಿಸಬಹುದು. 1959ರ ಆರಂಭದಲ್ಲಿ ಕಾಂಗ್ರೆಸ್ಸಿನ ನಾಗಪುರ ಅಧಿವೇಶನವು ಸಹಕಾರಿ ಜಂಟಿ ಬೇಸಾಯದ ನಿರ್ಣಯವನ್ನು ಅಂಗೀಕರಿಸಿತು. ಜಮೀನು ಕೈಬಿಟ್ಟುಹೋದೀತೆಂಬ ಆತಂಕ ದೇಶದ ಹಿಡುವಳಿದಾರರಲ್ಲಿ ಹುಟ್ಟಿತು. ಅದೇ ವರ್ಷ ರಾಜಾಜಿಯವರ ನೇತೃತ್ವದಲ್ಲಿ ಸ್ವತಂತ್ರ ಪಕ್ಷ ಜನಿಸಿತು. 1960ರ ದಶಕದ ಮಧ್ಯಭಾಗದಲ್ಲಿ ಆಹಾರಧಾನ್ಯಗಳ ಅಂತರರಾಜ್ಯ ಸಾಗಣೆಗೆ ನಿರ್ಬಂಧಗಳಿದ್ದವು. ಜಿಲ್ಲೆಯ ಮಲೆನಾಡು ಭಾಗವಾದ ಸಕಲೇಶಪುರ, ಬೇಲೂರುಗಳ ಕಾಫಿ ಬೆಳೆಗಾರರ ಅನುಭವವಂತೂ ಇನ್ನೂ ಸ್ಪಷ್ಟ. 1942ರ ಕಾಫಿ ಕಾಯಿದೆಯಡಿ ಬೆಳೆಗಾರನು ತನ್ನ ಕಾಫಿಯನ್ನು ಮಂಡಳಿಯ ‘ಪೂಲ್’ಗೆ ಒಪ್ಪಿಸಬೇಕಿತ್ತು, ಅದರ ಹಣ ಕಂತುಗಳಲ್ಲಿ ಕೈಸೇರುತ್ತಿತ್ತು. ಯುದ್ಧಕಾಲದ ಬೆಲೆಕುಸಿತದಿಂದ ಬೆಳೆಗಾರನನ್ನು ಕಾಪಾಡಲು ಬಂದ ವ್ಯವಸ್ಥೆ ಯುದ್ಧ ಮುಗಿದು ದಶಕಗಳು ಕಳೆದರೂ ಮುಂದುವರಿಯಿತು. 1992ರಿಂದ ಹಂತಹಂತವಾಗಿ ಸಡಿಲಗೊಂಡು, 1996ರ ಹೊತ್ತಿಗೆ ತನ್ನ ಬೆಳೆಯನ್ನೆಲ್ಲ ತಾನೇ ಮಾರುವ ಹಕ್ಕು ಬೆಳೆಗಾರನಿಗೆ ಲಭಿಸಿತು. ತಾತ್ಕಾಲಿಕ ನಿಯಂತ್ರಣವು ಶಾಶ್ವತವಾಗುವ ಪ್ರವೃತ್ತಿಗೆ ಇದಕ್ಕಿಂತ ಸಮೀಪದ ನಿದರ್ಶನ ಬೇಕಿಲ್ಲ.

ಇದಕ್ಕೆ ಎದುರಾಗಿ ಗೊರೂರಿನ ಹೇಮಾವತಿ ಜಲಾಶಯವಿದೆ. ಶೆಣೈ ಅವರು ತೀರಿಕೊಂಡ ಮರುವರ್ಷ, 1979ರಲ್ಲಿ, ಪೂರ್ಣಗೊಂಡ ಈ ಅಣೆಕಟ್ಟಿನ ನಾಲೆಗಳು ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ಸೀಮೆಗಳಿಗೂ ಜಿಲ್ಲೆಯಾಚೆಗೂ ನೀರೊಯ್ದವು. ಬಿಡಿಬಿಡಿಯಾದ ಸಣ್ಣ ಹಿಡುವಳಿದಾರರಾಗಲಿ ಖಾಸಗಿ ಬಂಡವಾಳವಾಗಲಿ ಇಂಥದೊಂದು ನೀರಾವರಿಯನ್ನು ಕೈಗೊಳ್ಳುವುದು ಕಷ್ಟಸಾಧ್ಯವಾಗಿತ್ತು. ಹಾಗೆಯೇ ಈ ಜಲಾಶಯಕ್ಕಾಗಿ ಶೆಟ್ಟಿಹಳ್ಳಿಯೂ ಸೇರಿದಂತೆ ಹಲವು ಹಳ್ಳಿಗಳ ಜನ ಮನೆಮಠ ತೊರೆಯಬೇಕಾಯಿತೆಂಬುದೂ ಸತ್ಯ. ಮಳೆಗಾಲದಲ್ಲಿ ಹಿನ್ನೀರಿನಲ್ಲಿ ಮುಳುಗುವ ಅಲ್ಲಿನ ಚರ್ಚಿನ ಗೋಡೆಗಳು ಅದಕ್ಕೆ ಸಾಕ್ಷಿಯಾಗಿವೆ. ಸರ್ಕಾರದಿಂದಲೇ ಆಗಬೇಕಾದ ಕೆಲಸದಲ್ಲಿಯೂ ಅದರ ಅಧಿಕಾರಕ್ಕೆ ಕಟ್ಟುಪಾಡು ಇರಬೇಕೆಂಬ ಪ್ರಶ್ನೆ ಇಲ್ಲಿ ಉದ್ಭವಿಸುತ್ತದೆ. ಹಣ ಮತ್ತು ಉಳಿತಾಯಗಳ ಲೆಕ್ಕಾಚಾರವನ್ನೇ ಪ್ರಧಾನವಾಗಿಸಿಕೊಂಡ ಶೆಣೈ ಅವರ ಟಿಪ್ಪಣಿ ಈ ಪ್ರಶ್ನೆಗೆ ಪೂರ್ಣ ಉತ್ತರ ಒದಗಿಸುವುದಿಲ್ಲ.

1991ರಲ್ಲಿ ಮತ್ತೊಂದು ವಿದೇಶಿ ವಿನಿಮಯ ಬಿಕ್ಕಟ್ಟಿನ ಒತ್ತಡದಲ್ಲಿ ಬಹುತೇಕ ಕೈಗಾರಿಕಾ ಪರವಾನಗಿಗಳು ರದ್ದಾದಾಗ ಶೆಣೈ ಅವರು ಗತಿಸಿ ಹದಿಮೂರು ವರ್ಷಗಳಾಗಿದ್ದವು. ಅವರ ಭಿನ್ನಮತಕ್ಕೆ ಮೂವತ್ತಾರು ವರ್ಷ. ಯೋಜನಾ ಆಯೋಗವೂ 2014ರ ನಂತರ ಉಳಿಯಲಿಲ್ಲ. ಆದರೆ ಶೆಣೈ ಅವರ ಮಹತ್ವ ಅವರ ಭವಿಷ್ಯವಾಣಿ ಫಲಿಸಿದ್ದರಲ್ಲಷ್ಟೇ ಇಲ್ಲ. ಸರ್ಕಾರದ ಪ್ರತಿಯೊಂದು ಹೊಸ ಹೊಣೆಗೂ ಹಣ ಯಾರ ಕೈಯಿಂದ ಬರುತ್ತದೆ, ಅದರಿಂದ ದೊರೆಯುವ ಅಧಿಕಾರ ಯಾರ ಕೈಸೇರುತ್ತದೆ ಎಂದು ಮೊದಲೇ ಕೇಳಬೇಕೆಂಬ ಶಿಸ್ತನ್ನು, ಕೇಳುವವರು ವಿರಳವಾಗಿದ್ದ ಕಾಲದಲ್ಲಿ, ಅವರು ಪಾಲಿಸಿದರು. ಕನ್ನಡದಲ್ಲಿ ಅವರ ಬರಹಗಳ ಅನುವಾದ ಮತ್ತು ಚರ್ಚೆ ವ್ಯವಸ್ಥಿತವಾಗಿ ನಡೆದರೆ, ಕರಾವಳಿಯ ಈ ಅರ್ಥಶಾಸ್ತ್ರಜ್ಞನ ವಿಚಾರಗಳನ್ನು ನಮ್ಮ ಜಿಲ್ಲೆ, ತಾಲ್ಲೂಕುಗಳ ಅನುಭವದೊಡನೆ ಇಟ್ಟು ತೂಗಿ ನೋಡಲು ಅವಕಾಶವಾಗುತ್ತದೆ.