ಸ್ವಂತ ತಂಡ ಕಟ್ಟಿ ಗೆದ್ದ ಚಾಲಕ: ಅಲನ್ ಕುಲ್ವಿಕಿ

ಮಕ್ಕಳೇ, ಭಾನುವಾರ ಮಧ್ಯಾಹ್ನ ಟಿವಿಯಲ್ಲಿ ನಾಸ್ಕಾರ್ ರೇಸ್ ನೋಡಿರುತ್ತೀರಿ. ಬಣ್ಣಬಣ್ಣದ ಕಾರುಗಳು ಮೊಟ್ಟೆಯಾಕಾರದ ಟ್ರ್ಯಾಕಿನಲ್ಲಿ ಎಡಕ್ಕೇ ತಿರುಗುತ್ತ, ಒಂದರ ಬೆನ್ನಿಗೊಂದು ಅಂಟಿಕೊಂಡು ಗಂಟೆಗಟ್ಟಲೆ ಓಡುತ್ತವೆ. ಇದಕ್ಕೆ ಸ್ಟಾಕ್ ಕಾರ್ ರೇಸಿಂಗ್ ಎಂದು ಹೆಸರು. ನಾಸ್ಕಾರ್ ಶುರುವಾದದ್ದು 1948ರಲ್ಲಿ. ಅದರ ಮುಖ್ಯ ಸರಣಿಯ ಮೊದಮೊದಲ ವರ್ಷಗಳಲ್ಲಿ ಶೋರೂಮಿನಲ್ಲಿ ಸಿಗುವಂಥ ಕಾರುಗಳನ್ನೇ ಪಂದ್ಯಕ್ಕೆ ಇಳಿಸುತ್ತಿದ್ದರು. ಈಗಿನವು ಪಂದ್ಯಕ್ಕೆಂದೇ ಕಟ್ಟಿದ ಯಂತ್ರಗಳು.

ಇಲ್ಲಿ ಹೆಚ್ಚಿನ ಚಾಲಕರು ಬೇರೆಯವರ ತಂಡಕ್ಕೆ ಓಡಿಸುವವರು. ಕಾರು, ಎಂಜಿನ್, ಟೈರು, ವರ್ಕ್‌ಶಾಪು, ಕೆಲಸಗಾರರ ಸಂಬಳ ಎಲ್ಲದರ ಹೊಣೆ ಮಾಲೀಕರದು. ಆದರೆ ಕೆಲವರು ಸ್ಟೇರಿಂಗ್ ಹಿಡಿಯುವ ಕೈಯಲ್ಲೇ ಲೆಕ್ಕದ ಪುಸ್ತಕವನ್ನೂ ಹಿಡಿದರು. ಅವರಲ್ಲಿ ನೀವು ತಿಳಿದಿರಲೇಬೇಕಾದ ಹೆಸರು ಅಲನ್ ಕುಲ್ವಿಕಿ. ಅವರು ನಮ್ಮ ನಾಡಿನವರಲ್ಲ, ನೀವು ಬೆಳೆಯುತ್ತಿರುವ ಅಮೆರಿಕದವರು. ಈ ನೆಲದ ಸಾಧಕರನ್ನೂ ನಮ್ಮವರಂತೆಯೇ ಅರಿಯಬೇಕು ಎಂಬ ಆಸೆಯಿಂದ ಈ ಲೇಖನ.

ಎಂಜಿನಿಯರಿಂಗ್ ಓದಿದ ಹುಡುಗ

ಕುಲ್ವಿಕಿ ಹುಟ್ಟಿದ್ದು 1954ರಲ್ಲಿ, ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿ ನಗರದ ಪಕ್ಕದ ಗ್ರೀನ್‌ಫೀಲ್ಡ್‌ನಲ್ಲಿ, ಪೋಲೆಂಡ್ ಮೂಲದ ಮನೆತನದಲ್ಲಿ. ತಂದೆ ರೇಸ್ ಕಾರುಗಳ ಎಂಜಿನ್ ಕಟ್ಟುವವರು. ಮಗ ಚಿಕ್ಕಂದಿನಲ್ಲಿ ಗೋ-ಕಾರ್ಟ್ ಓಡಿಸಿ, ಆಮೇಲೆ ಊರಿನ ಸುತ್ತಲಿನ ಚಿಕ್ಕ ಟ್ರ್ಯಾಕುಗಳಿಗೆ ಇಳಿದ. ಜೊತೆಗೇ ಓದನ್ನೂ ಬಿಡದೆ 1977ರಲ್ಲಿ ವಿಸ್ಕಾನ್ಸಿನ್-ಮಿಲ್ವಾಕಿ ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಪಡೆದ. ನಿಮ್ಮ ಅಪ್ಪ-ಅಮ್ಮಂದಿರಲ್ಲಿ ಎಷ್ಟೋ ಮಂದಿ ಓದಿರುವುದೂ ಇದನ್ನೇ! ಮುಂದೆ ರೇಸ್ ಟ್ರ್ಯಾಕಿಗೂ ಬ್ರೀಫ್‌ಕೇಸ್ ಹಿಡಿದು ಬರುತ್ತಿದ್ದ ಚಾಲಕರೆಂದು ಅವರು ಹೆಸರಾದರು.

ನಾಸ್ಕಾರ್‌ನ ದೊಡ್ಡ ತಂಡಗಳೆಲ್ಲ ಇರುವುದು ದಕ್ಷಿಣದಲ್ಲಿ, ಅದರಲ್ಲೂ ಉತ್ತರ ಕೆರೊಲಿನಾದ ಶಾರ್ಲಟ್ ಸುತ್ತಮುತ್ತ. ಅಲ್ಲಿಗೆ ಹೋಗಲು ಕುಲ್ವಿಕಿ ತಮ್ಮಲ್ಲಿದ್ದ ಹೆಚ್ಚಿನದನ್ನೆಲ್ಲ ಮಾರಿದರು. ಹೊರಡಲು ಎರಡು ದಿನ ಇರುವಾಗ ಬೆಂಕಿ ಹೊತ್ತಿ, ಸಾಮಾನು ಸಾಗಿಸುವ ವಾಹನವೇ ಸುಟ್ಟುಹೋಯಿತು. ಬೇರೆಯವರ ವಾಹನ ಕೇಳಿ ಪಡೆದು, ಪೀಠೋಪಕರಣ, ಸಲಕರಣೆ ತುಂಬಿಕೊಂಡು ಹೊರಟೇಬಿಟ್ಟರು.

ಒಂದು ಕಾರು, ಎರಡು ಎಂಜಿನ್

1985ರಲ್ಲಿ ಬೇರೊಬ್ಬರ ಕಾರಿನಲ್ಲಿ ಐದು ರೇಸ್ ಓಡಿಸಿದರು. ಮರುವರ್ಷ ಆ ಮಾಲೀಕರು ಹಿಂದೆ ಸರಿದಾಗ ಕುಲ್ವಿಕಿ ತಾವೇ ತಂಡ ಕಟ್ಟಿದರು. ಅದೇ ಎಕೆ ರೇಸಿಂಗ್. ಇದ್ದದ್ದು ಒಂದು ಕಾರು, ಎರಡು ಎಂಜಿನ್, ಪೂರ್ಣಾವಧಿಗೆ ಇಬ್ಬರು ಕೆಲಸಗಾರರು. ಮಾಲೀಕ, ಚಾಲಕ, ಮುಖ್ಯ ಮೆಕ್ಯಾನಿಕ್, ಪಂದ್ಯದ ದಿನ ತಂತ್ರ ಹೂಡುವ ಕ್ರೂ ಚೀಫ್ ಎಲ್ಲವೂ ಅವರೊಬ್ಬರೇ. ಹತ್ತಾರು ಮಂದಿ ದುಡಿಯುತ್ತಿದ್ದ ತಂಡಗಳ ನಡುವೆ ಹೀಗೆ ಓಡಿಸಿ, 1986ರ ಅತ್ಯುತ್ತಮ ಹೊಸ ಚಾಲಕ ಪ್ರಶಸ್ತಿ ಪಡೆದರು.

ತಂಡ ಬೆಳೆಯಿತು, ಮೆಲ್ಲಗೆ. ಪ್ರಾಯೋಜಕರು ಸಿಕ್ಕರು, ಕೆಲಸಗಾರರು ಹೆಚ್ಚಿದರು. ಎಲ್ಲಕ್ಕಿಂತ ಮುಖ್ಯವಾಗಿ, ತಾವೇ ಹೊತ್ತಿದ್ದ ಕೆಲಸಗಳನ್ನು ಒಂದೊಂದಾಗಿ ಬೇರೆಯವರ ಕೈಗೆ ಕೊಡಲು ಕುಲ್ವಿಕಿ ಕಲಿತರು. ಪಾಲ್ ಆಂಡ್ರ್ಯೂಸ್ ಎಂಬ ಯುವಕ ಕ್ರೂ ಚೀಫ್ ಆದರು. ಪ್ರತಿಯೊಂದು ಬೋಲ್ಟನ್ನೂ ತಾನೇ ನೋಡಬೇಕೆನ್ನುವ ಮನುಷ್ಯನಿಗೆ ಇದು ಸುಲಭದ ಮಾತಲ್ಲ.

1988ರ ನವೆಂಬರ್ 6ರಂದು ಅರಿಜೋನಾದ ಫೀನಿಕ್ಸ್‌ನಲ್ಲಿ ಮೊದಲ ಗೆಲುವು ಬಂತು. ಗೆದ್ದ ಮೇಲೆ ಅವರು ಕಾರನ್ನು ತಿರುಗಿಸಿ, ಟ್ರ್ಯಾಕನ್ನು ಉಲ್ಟಾ ಸುತ್ತಿದರು. ಅದೇಕೆ ಗೊತ್ತೇ? ಚಾಲಕ ಕೂರುವುದು ಎಡಗಡೆ. ಯಾವಾಗಿನಂತೆ ಓಡಿದರೆ ಆ ಕಿಟಕಿ ಟ್ರ್ಯಾಕಿನ ಒಳಬದಿಗಿರುತ್ತದೆ. ಉಲ್ಟಾ ಓಡಿದರೆ ಹೊರಗಿನ ಗ್ಯಾಲರಿಯಲ್ಲಿ ಕೂತವರ ಕಡೆಗೆ ಬರುತ್ತದೆ, ಅವರಿಗೆ ನೇರವಾಗಿ ಕೈ ಬೀಸಬಹುದು. ತಮ್ಮ ಮನೆತನದ ಮೂಲ ನೆನೆದು ಅದನ್ನು ಪೋಲಿಷ್ ವಿಕ್ಟರಿ ಲ್ಯಾಪ್ ಎಂದರು. ಈಗಲೂ ಕೆಲವು ಚಾಲಕರು ಗೆದ್ದಾಗ ಹಾಗೆ ಸುತ್ತುತ್ತಾರೆ.

ಹತ್ತು ಲಕ್ಷ ಡಾಲರ್ ಬೇಡ ಎಂದವರು

1991ರ ಋತುವಿಗೆ ಮುನ್ನ ಹೆಸರಾಂತ ಮಾಲೀಕ ಜೂನಿಯರ್ ಜಾನ್ಸನ್ ಅವರಿಂದ ಕರೆ ಬಂತು: ನಮ್ಮ ತಂಡಕ್ಕೆ ಬಾ, ಹತ್ತು ಲಕ್ಷ ಡಾಲರ್ ಕೊಡುತ್ತೇವೆ. ಕುಲ್ವಿಕಿ ಒಲ್ಲೆ ಎಂದರು, ಅವರಿಗೆ ಸ್ವಂತ ತಂಡವೇ ಬೇಕಿತ್ತು. ಅದಕ್ಕೆ ತೆತ್ತ ಬೆಲೆಯೂ ದೊಡ್ಡದು. ತಮಗೇ ಬರುವುದೆಂದು ನಂಬಿದ್ದ ಕಾಫಿ ಕಂಪನಿಯ ಪ್ರಾಯೋಜಕತ್ವ ಕೊನೆಗೆ ಜಾನ್ಸನ್ ಪಾಲಾಯಿತು, ಕಾಯಂ ಪ್ರಾಯೋಜಕರಿಲ್ಲದೆ ಋತು ಶುರುಮಾಡಬೇಕಾಯಿತು. ಆ ವರ್ಷ ಅಟ್ಲಾಂಟಾದ ರೇಸಿಗೆ ಒಂದು ರೆಸ್ಟೋರೆಂಟ್ ಸಂಸ್ಥೆ ಕೈಹಿಡಿದ ಮೇಲೆ ತಂಡಕ್ಕೆ ಉಸಿರು ಬಂತು.

1992ರ ಲೆಕ್ಕ

1992ರಲ್ಲಿ 29 ರೇಸುಗಳು, ಎಲ್ಲದರ ಅಂಕ ಕೂಡಿಸಿ ಹೆಚ್ಚು ಗಳಿಸಿದವರೇ ಚಾಂಪಿಯನ್. ಸೆಪ್ಟೆಂಬರಿನಲ್ಲಿ ಡೋವರ್ ಟ್ರ್ಯಾಕಿನಲ್ಲಿ ಕಾರು ಅಪಘಾತಕ್ಕೀಡಾದಾಗ ಕುಲ್ವಿಕಿ, ಮುಂದಿದ್ದ ಬಿಲ್ ಎಲಿಯಟ್‌ಗಿಂತ 278 ಅಂಕ ಹಿಂದೆ ಬಿದ್ದರು. ಉಳಿದದ್ದು ಆರೇ ರೇಸು. ಎಲಿಯಟ್ ಓಡಿಸುತ್ತಿದ್ದದ್ದು ಅದೇ ಜೂನಿಯರ್ ಜಾನ್ಸನ್ ಅವರ ಕಾರು. ಕುಲ್ವಿಕಿ ರೇಸಿನಿಂದ ರೇಸಿಗೆ ಆ ಅಂತರ ಕಡಿಮೆ ಮಾಡುತ್ತ ಬಂದರು.

ನವೆಂಬರ್ 15, ಅಟ್ಲಾಂಟಾ, ಕೊನೆಯ ರೇಸು. ಆರು ಚಾಲಕರಿಗೆ ಚಾಂಪಿಯನ್ ಆಗುವ ಅವಕಾಶವಿತ್ತು. ಮುಂದಿದ್ದ ಡೇವಿ ಆ್ಯಲಿಸನ್‌ಗಿಂತ ಕುಲ್ವಿಕಿ 30 ಅಂಕ ಹಿಂದೆ, ಎಲಿಯಟ್ 40 ಅಂಕ ಹಿಂದೆ. ಕುಲ್ವಿಕಿಯ ಥಂಡರ್‌ಬರ್ಡ್ ಕಾರಿನ ಮೇಲಿದ್ದ ಹೆಸರಿನ ಮೊದಲ ಅಕ್ಷರಗಳನ್ನು ತೆಗೆಸಿ, ತಾವು ಗೆಲ್ಲುವ ನಿರೀಕ್ಷೆ ಕಡಿಮೆಯಿರುವ ‘ಅಂಡರ್‌ಡಾಗ್’ ಎಂದು ಸೂಚಿಸಲು, ಆ ದಿನ ಅದನ್ನು ‘ಅಂಡರ್‌ಬರ್ಡ್’ ಮಾಡಿದ್ದರು.

ಟೈರು, ಪೆಟ್ರೋಲಿಗಾಗಿ ಕಾರು ನಿಲ್ಲಿಸುವ ಜಾಗವಾದ ಪಿಟ್‌ಗೆ ಮೊದಲ ಸಲ ಬಂದಾಗಲೇ ಫಸ್ಟ್ ಗೇರ್ ಕೈಕೊಟ್ಟಿತು. ಅಲ್ಲಿಂದ ಮುಂದೆ ಪಿಟ್‌ಗೆ ಬಂದಾಗಲೆಲ್ಲ ತಂಡದ ಹುಡುಗರು ಹಿಂದಿನಿಂದ ಕಾರನ್ನು ತಳ್ಳಿ ಕಳಿಸಬೇಕಾಯಿತು. ಅಷ್ಟರಲ್ಲಿ ಆ್ಯಲಿಸನ್ ಅಪಘಾತದಲ್ಲಿ ಸಿಕ್ಕಿಕೊಂಡರು. ಉಳಿದದ್ದು ಕುಲ್ವಿಕಿ ಮತ್ತು ಎಲಿಯಟ್.

ಈಗ ಲೆಕ್ಕ ನೋಡಿ. ಆಗಿನ ನಿಯಮದಂತೆ ಗೆದ್ದವರಿಗೆ 175 ಅಂಕ, ಎರಡನೆಯವರಿಗೆ 170. ಒಂದು ಲ್ಯಾಪಿನಲ್ಲಾದರೂ, ಅಂದರೆ ಟ್ರ್ಯಾಕಿನ ಒಂದು ಸುತ್ತಿನಲ್ಲಾದರೂ, ಮುಂದಿದ್ದರೆ 5 ಹೆಚ್ಚು, ಎಲ್ಲರಿಗಿಂತ ಹೆಚ್ಚು ಲ್ಯಾಪುಗಳಲ್ಲಿ ಮುಂದಿದ್ದರೆ ಇನ್ನೂ 5. ಪಿಟ್‌ನಲ್ಲಿ ಆಂಡ್ರ್ಯೂಸ್ ಮತ್ತು ಸಂಗಡಿಗರು ಲ್ಯಾಪುಗಳನ್ನು ಎಣಿಸುತ್ತಿದ್ದರು. ಲೆಕ್ಕಕ್ಕೆ ಬೇಕಾದಷ್ಟು ಲ್ಯಾಪ್ ಮುಂದಿದ್ದ ಮೇಲೆಯೇ ಕುಲ್ವಿಕಿ ಕೊನೆಯ ಸಲ ಪಿಟ್‌ಗೆ ಬಂದರು. ಟೈರು ಬದಲಿಸದೆ ಪೆಟ್ರೋಲಷ್ಟೇ ತುಂಬಿಸಿಕೊಂಡು ಹೊರಟರು.

ರೇಸ್ ಗೆದ್ದದ್ದು ಎಲಿಯಟ್. ಕುಲ್ವಿಕಿ ಎರಡನೆಯವರು. ಆದರೆ ಕುಲ್ವಿಕಿ 103 ಲ್ಯಾಪುಗಳಲ್ಲಿ ಮುಂದಿದ್ದರು, ಎಲಿಯಟ್ 102ರಲ್ಲಿ. ಹಾಗಾಗಿ ಇಬ್ಬರಿಗೂ ಆ ದಿನ 180 ಅಂಕ. ಮೊದಲಿದ್ದ 10 ಅಂಕದ ಅಂತರ ಹಾಗೇ ಉಳಿಯಿತು, ಕುಲ್ವಿಕಿ ಚಾಂಪಿಯನ್ ಆದರು. ಆ 103 ಮತ್ತು 102 ಅದಲುಬದಲಾಗಿದ್ದರೆ ಇಬ್ಬರ ಅಂಕವೂ ಸಮವಾಗಿ, ವರ್ಷದಲ್ಲಿ ಹೆಚ್ಚು ರೇಸ್ ಗೆದ್ದಿದ್ದ ಎಲಿಯಟ್‌ಗೆ ಪಟ್ಟ ಹೋಗುತ್ತಿತ್ತು. ಕಾರಿನೊಳಗಿದ್ದ ಮಾಲೀಕನ ಜಾಣತನದಷ್ಟೇ, ಅವರು ನಂಬಿ ಕೆಲಸ ಒಪ್ಪಿಸಿದ್ದವರ ಎಣಿಕೆಯೂ ಗೆದ್ದಿತ್ತು.

ಆಮೇಲೆ

ದುಃಖದ ಸಂಗತಿಯೆಂದರೆ, 1993ರ ಏಪ್ರಿಲ್ 1ರಂದು ಟೆನೆಸಿಯಲ್ಲಿ ನಡೆದ ವಿಮಾನ ದುರಂತದಲ್ಲಿ ಕುಲ್ವಿಕಿ ತೀರಿಕೊಂಡರು. ಆಗ ಅವರಿಗೆ 38 ವರ್ಷ. ಆ ವಾರ ಬ್ರಿಸ್ಟಲ್‌ನಲ್ಲಿ ಗೆದ್ದ ರಸ್ಟಿ ವಾಲೆಸ್, ಗೆಳೆಯನ ನೆನಪಿಗೆ ಟ್ರ್ಯಾಕನ್ನು ಉಲ್ಟಾ ಸುತ್ತಿದರು. ಎಕೆ ರೇಸಿಂಗನ್ನು ಜೆಫ್ ಬೋಡೈನ್ ಎಂಬ ಇನ್ನೊಬ್ಬ ಚಾಲಕ ಕೊಂಡು, ತಾವೇ ಓಡಿಸಿದರು. ಕುಲ್ವಿಕಿಯಂತೆಯೇ 2011ರಲ್ಲಿ ಟೋನಿ ಸ್ಟೀವರ್ಟ್ ಎಂಬ ಚಾಲಕ ತಾವು ಸಹಮಾಲೀಕರಾಗಿದ್ದ ತಂಡದ ಕಾರಿನಲ್ಲೇ ಚಾಂಪಿಯನ್ ಆದರು. ಆ ಸಲ ಅವರ ಮತ್ತು ಎರಡನೆಯವರ ಅಂಕಗಳು ನಿಜಕ್ಕೂ ಸಮವಾಗಿದ್ದವು, ಹೆಚ್ಚು ರೇಸ್ ಗೆದ್ದಿದ್ದರಿಂದ ಪಟ್ಟ ಅವರದಾಯಿತು. 2019ರಲ್ಲಿ ಕುಲ್ವಿಕಿ ನಾಸ್ಕಾರ್ ಹಾಲ್ ಆಫ್ ಫೇಮ್ ಸೇರಿದರು. ಅವರ ಹೆಸರಿನ ಯೋಜನೆಯೊಂದು ಚಿಕ್ಕ ಟ್ರ್ಯಾಕುಗಳ ಯುವ ಚಾಲಕರಿಗೆ ನೆರವಾಗುತ್ತ ಬಂದಿದೆ.

ಮಕ್ಕಳೇ, ನಿಮ್ಮಲ್ಲಿ ಕೆಲವರು ಶಾಲೆಯ ರೋಬೋಟಿಕ್ಸ್ ತಂಡದಲ್ಲಿದ್ದೀರಿ, ಕೆಲವರು ಕನ್ನಡ ಕೂಟದ ನಾಟಕ ತಂಡದಲ್ಲಿದ್ದೀರಿ. ತಂಡ ಚಿಕ್ಕದಾಗಿದ್ದಾಗ ಎಲ್ಲ ಕೆಲಸಕ್ಕೂ ಕೈ ಹಾಕಿ ಕಲಿಯಿರಿ. ಬೆಳೆದಂತೆ, ಕಲಿತದ್ದನ್ನು ಗೆಳೆಯರಿಗೆ ನಂಬಿ ಒಪ್ಪಿಸಿ. ಕುಲ್ವಿಕಿ ಈ ಎರಡನ್ನೂ ಮಾಡಿದರು, ಅದಕ್ಕೇ ಅವರ ಚಿಕ್ಕ ತಂಡ ದೊಡ್ಡ ತಂಡಗಳನ್ನು ಮೀರಿಸಿತು.