ಜೈಲು ತಡೆಯಲಿಲ್ಲ, ಶಾಲೆ ಇಳಿಸಿತು: ತೊರಪಳ್ಳಿಯ ರಾಜಾಜಿ

ಹೊಸೂರು: ಮನುಷ್ಯನ ಕೆಲಸ, ಸ್ಥಾನಮಾನ ತೀರ್ಮಾನ ಆಗೋದು ಆತನ ಓದಿನಿಂದಲೋ, ಹೆಸರಿನ ಮೇಲಿರುವ ಪೊಲೀಸ್ ಕೇಸಿನಿಂದಲೋ? ನೌಕರಿಗೆ ಅರ್ಜಿ ಹಾಕುವ ಮನೆಗಳಲ್ಲಿ ಏಳುವ ಪ್ರಶ್ನೆ ಇದು. ಹೊಸೂರು ಬಳಿಯ ತೊರಪಳ್ಳಿಯಲ್ಲಿ ಹುಟ್ಟಿದ ಸಿ.ರಾಜಗೋಪಾಲಾಚಾರಿ ಅವರ ಬದುಕಿನಲ್ಲಿ ಎರಡೂ ಇದ್ದವು.

ರಾಜಾಜಿ ಜನಿಸಿದ್ದು 1878ರ ಡಿಸೆಂಬರ್ 10ರಂದು. ತಂದೆ ಊರಿನ ಮುನ್ಸೀಫರು. ಹೊಸೂರಿನ ಸರ್ಕಾರಿ ಶಾಲೆ, ಬೆಂಗಳೂರಿನ ಸೆಂಟ್ರಲ್ ಕಾಲೇಜು ಮುಗಿಸಿ ಮದರಾಸಿನಲ್ಲಿ ಕಾನೂನು ಓದಿದರು. 1900ರಲ್ಲಿ ಸೇಲಂನಲ್ಲಿ ವಕೀಲಿ ಆರಂಭಿಸಿ ಒಳ್ಳೆ ಹೆಸರು, ಹಣ ಎರಡನ್ನೂ ಸಂಪಾದಿಸಿದರು. 1917ರಲ್ಲಿ ಸೇಲಂ ಪುರಸಭೆ ಅಧ್ಯಕ್ಷರಾದರು. ಇಷ್ಟೂ ಓದು ತಂದುಕೊಟ್ಟ ಭಾಗ್ಯ.

ಅಸಹಕಾರ ಚಳವಳಿಗೆ ಧುಮುಕಿ ವಕೀಲಿಯನ್ನೇ ಬಿಟ್ಟರು. 1921ರ ಡಿಸೆಂಬರ್‌ನಲ್ಲಿ ವೆಲ್ಲೂರು ಜೈಲು ಸೇರಿದರು. ಅಲ್ಲಿ ಬರೆದ ದಿನಚರಿ ಮುಂದೆ ಪುಸ್ತಕವಾಯಿತು. 1930ರಲ್ಲಿ ತಿರುಚ್ಚಿಯಿಂದ ವೇದಾರಣ್ಯಂವರೆಗೆ ಉಪ್ಪಿನ ಯಾತ್ರೆ ನಡೆಸಿ ಮತ್ತೆ ಕಂಬಿ ಎಣಿಸಿದರು. 1940ರಲ್ಲೂ ಬಂಧನ ತಪ್ಪಲಿಲ್ಲ. ಅಂದಿನ ಕಾನೂನಿನ ಕಣ್ಣಲ್ಲಿ ಅವರು ಅಪರಾಧಿ. ಜನರ ಕಣ್ಣಲ್ಲಿ ಮಾತ್ರ ಅದು ಕಳಂಕ ಆಗಲೇ ಇಲ್ಲ.

1937ರಲ್ಲಿ ಮದರಾಸು ಪ್ರಾಂತ್ಯದ ಪ್ರಧಾನಿಯಾದ ರಾಜಾಜಿ, ಹೊಸೂರು, ಕೃಷ್ಣಗಿರಿಗಳೂ ಸೇರಿದ್ದ ಅಂದಿನ ಸೇಲಂ ಜಿಲ್ಲೆಯಿಂದಲೇ ಪಾನನಿಷೇಧ ಆರಂಭಿಸಿದರು. ಹೆಂಡದ ಆದಾಯ ಖೋತಾ ಆಗಿದ್ದರಿಂದ 1939ರಲ್ಲಿ ಮಾರಾಟ ತೆರಿಗೆ ತಂದರು. 1948ರಲ್ಲಿ ಗವರ್ನರ್ ಜನರಲ್ ಹುದ್ದೆಗೇರಿದ ಮೊದಲ ಭಾರತೀಯರೂ ಅವರೇ. ಪಟೇಲರು ತೀರಿಕೊಂಡ ಮೇಲೆ ಕೇಂದ್ರ ಗೃಹ ಸಚಿವರಾದರು. ಪೊಲೀಸರು ಹಿಡಿದೊಯ್ದಿದ್ದ ವ್ಯಕ್ತಿಗೇ ದೇಶದ ಗೃಹ ಖಾತೆ ಒಲಿದದ್ದು ವಿಶೇಷ.

ಪೆಟ್ಟು ಬಿದ್ದದ್ದು ಶಾಲೆ ವಿಷಯದಲ್ಲಿ. 1952ರಲ್ಲಿ ಮತ್ತೆ ಮುಖ್ಯಮಂತ್ರಿಯಾದ ಅವರು ಮರುವರ್ಷ ಹಳ್ಳಿಗಳ ಪ್ರಾಥಮಿಕ ಶಾಲೆಯನ್ನು ದಿನಕ್ಕೆ ಮೂರು ತಾಸಿಗೆ ಇಳಿಸಿದರು. ಉಳಿದ ಹೊತ್ತು ಮಕ್ಕಳು ಮನೆಯವರ ಕಸುಬು ಕಲಿಯಬೇಕೆಂಬುದು ಯೋಜನೆ. ಇದ್ದ ಕಟ್ಟಡದಲ್ಲೇ ಎರಡು ಪಾಳಿ ನಡೆಸಿ ಹೆಚ್ಚು ಮಕ್ಕಳಿಗೆ ಪಾಠ ಹೇಳಬಹುದು ಎಂಬ ಲೆಕ್ಕವೂ ಇತ್ತು. ಆದರೆ ಕ್ಷೌರಿಕನ ಮಗ ಕ್ಷೌರಿಕನಾಗಿಯೇ, ಅಗಸನ ಮಗ ಅಗಸನಾಗಿಯೇ ಉಳಿಯಬೇಕಾ ಎಂಬ ಆಕ್ರೋಶ ಎದ್ದಿತು. ಪೆರಿಯಾರ್ ಹಾಗೂ ಡಿಎಂಕೆ ಇದನ್ನು ಕುಲಕಸುಬಿನ ಶಿಕ್ಷಣ ಎಂದು ಕರೆದು ಬೀದಿಗಿಳಿದರು. ಸ್ವಪಕ್ಷದಲ್ಲೂ ವಿರೋಧ ಬೆಳೆದು 1954ರ ಏಪ್ರಿಲ್‌ನಲ್ಲಿ ರಾಜಾಜಿ ಅಧಿಕಾರ ಬಿಟ್ಟರು.

ಅವರ ಜಾಗಕ್ಕೆ ಬಂದ ಕಾಮರಾಜರೂ ಜೈಲು ಕಂಡವರೇ. ಆದರೆ ಬಡತನದಿಂದ ಶಾಲೆಯನ್ನು ಅರ್ಧಕ್ಕೇ ಬಿಟ್ಟವರು. ಅವರು ಆ ಯೋಜನೆ ರದ್ದುಪಡಿಸಿದರು, ಮುಂದೆ ಮಕ್ಕಳಿಗೆ ಮಧ್ಯಾಹ್ನದ ಊಟವನ್ನೂ ಕೊಡಿಸಿದರು. ಓದಿನ ಬೆಲೆ ಓದು ಸಿಗದವರಿಗೇ ಹೆಚ್ಚು ಗೊತ್ತು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

1954ರಲ್ಲೇ ಭಾರತರತ್ನ ಪಡೆದ ರಾಜಾಜಿ 1972ರ ಡಿಸೆಂಬರ್ 25ರಂದು ನಿಧನರಾದರು. ತೊರಪಳ್ಳಿಯಲ್ಲಿ ಅವರು ಹುಟ್ಟಿದ ಮನೆ ಈಗ ಸ್ಮಾರಕವಾಗಿದೆ.